ಯಂತ್ರಬುದ್ಧಿಯೂ ರೋಗಿಯ ಸಮ್ಮತಿಯೂ

ವೈದ್ಯಶಾಸ್ತ್ರದ ಸಂಶೋಧನೆಯಲ್ಲಿ ಕೃತಕ ಬುದ್ಧಿಮತ್ತೆಯೆಂಬ ಹೊಸ ಸಾಧನವನ್ನು ಬಳಸತಕ್ಕವರು ಯಾವ ಧರ್ಮಕ್ಕೆ ಕಟ್ಟುಬಿದ್ದು ನಡೆಯಬೇಕೆಂಬುದನ್ನು ಕುರಿತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ೨೦೨೩ನೆಯ ಇಸವಿ ಮಾರ್ಚಿ ತಿಂಗಳಲ್ಲಿ ಒಂದು ಮಾರ್ಗಸೂಚಿಯನ್ನು ಪ್ರಕಟಿಸಿದರು. ರೋಗಿಯ ಸ್ವಾತಂತ್ರ್ಯ, ಸುರಕ್ಷಿತತೆ, ಗೋಪ್ಯತೆ, ಹೊಣೆಗಾರಿಕೆ, ನಿಷ್ಪಕ್ಷಪಾತ ಮೊದಲಾದ ಹತ್ತು ತತ್ತ್ವಗಳು ಅದರಲ್ಲಿ ನಿರೂಪಿತವಾಗಿವೆ. ಓದಿ ತಲೆದೂಗದವರು ವಿರಳ. ಆದರೆ ದೆಹಲಿಯಲ್ಲಿ ಬರೆದ ತತ್ತ್ವವು ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವಣ ಬಿಳಿಗೆರೆಯಂಥ ಊರಿನ ಜಗುಲಿಗೆ ಬಂದು ಕುಳಿತಾಗ ಅದು ಯಾವ ರೂಪವನ್ನು ತಾಳುತ್ತದೆ, ಯಾರ ಬಾಯಲ್ಲಿ ಯಾವ ಭಾಷೆಯಲ್ಲಿ ಮಾತನಾಡುತ್ತದೆ ಎಂಬುದನ್ನು ಇದುವರೆಗೆ ಬಲ್ಲವರು ಯಾರೂ ನಮ್ಮ ಜನಕ್ಕೆ ತಿಳಿಯಹೇಳುವ ಶ್ರಮವನ್ನು ತೆಗೆದುಕೊಂಡಿಲ್ಲ. ಆ ಕಾರಣದಿಂದಲೇ ಈ ವಿಷಯವನ್ನು ಇಂದು ಕೈಗೆತ್ತಿಕೊಂಡಿದ್ದೇವೆ.

ಈ ಯಂತ್ರಬುದ್ಧಿಯ ಸ್ವರೂಪವನ್ನು ಅರಿಯದ ವಾಚಕರಿಗಾಗಿ ಎರಡು ಮಾತು. ಇದು ವೈದ್ಯನಂತೆ ಗುರುಮುಖದಿಂದ ಶಾಸ್ತ್ರವನ್ನು ಓದಿ ಕಲಿಯತಕ್ಕದ್ದಲ್ಲ. ರೋಗಿಗಳ ಸಾವಿರಾರು, ಲಕ್ಷಾಂತರ ಚಿತ್ರಗಳನ್ನೂ ರಕ್ತಪರೀಕ್ಷೆಯ ಲೆಕ್ಕಗಳನ್ನೂ ಅದರ ಮುಂದೆ ಸುರಿದು, ಇದು ರೋಗವುಳ್ಳದ್ದು, ಇದು ಇಲ್ಲದ್ದು ಎಂದು ಬಲ್ಲವರು ಗುರುತು ಹಾಕಿಕೊಟ್ಟರೆ, ಆ ಗುರುತುಗಳ ಜಾಡನ್ನು ಹಿಡಿದು, ಮುಂದೆ ಹೊಸ ಚಿತ್ರವೊಂದು ಬಂದಾಗ ತಾನೇ ಊಹೆ ಹೇಳುವುದನ್ನು ರೂಢಿಮಾಡಿಕೊಳ್ಳುತ್ತದೆ. ಆದುದರಿಂದ ರೋಗಿಗಳ ದಾಖಲೆಗಳಿಲ್ಲದೆ ಅದು ಒಂದಕ್ಷರವನ್ನೂ ಕಲಿಯಲಾರದು. ಆ ದಾಖಲೆ ಯಾರದು? ಅದನ್ನು ಕೊಟ್ಟವರನ್ನು ಕೇಳಲಾಯಿತೇ? ಅದರಿಂದ ಹುಟ್ಟಿದ ಫಲದಲ್ಲಿ ಅವರಿಗೆ ಪಾಲುಂಟೇ? ನಮ್ಮ ವಿಚಾರವೆಲ್ಲ ಇಷ್ಟೇ.

ನಾವು ಈ ಸಾಧನದ ವೈರಿಗಳಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ೨೦೨೩ರಲ್ಲಿ ಪ್ರಕಟವಾದ ಅದೇ ಮಂಡಳಿಯವರ ಗಣನೆಯಂತೆ ಭಾರತದಲ್ಲಿ ಸಕ್ಕರೆ ಕಾಯಿಲೆಯವರ ಸಂಖ್ಯೆ ೧೦ ಕೋಟಿ ೧೦ ಲಕ್ಷ. ಈ ಕಾಯಿಲೆಯು ಸದ್ದಿಲ್ಲದೆ ಕಣ್ಣಿನ ಒಳಪರದೆಯನ್ನು ಕೆಡಿಸುತ್ತದೆ. ದೃಷ್ಟಿ ಮಂದವಾಯಿತೆಂದು ರೋಗಿಗೆ ತಿಳಿಯುವ ಹೊತ್ತಿಗೆ ಬಹಳಷ್ಟು ಕೆಟ್ಟುಹೋಗಿರುತ್ತದೆ. ಇಷ್ಟು ಜನರ ಕಣ್ಣುಗಳನ್ನು ವರ್ಷಕ್ಕೊಮ್ಮೆ ನೋಡಲು ತಜ್ಞರನ್ನು ಹೋಬಳಿ ಹೋಬಳಿಗೆ ಎಲ್ಲಿಂದ ತರುವುದು? ಕ್ಷಯರೋಗದ ವಿಷಯವೂ ಹಾಗೆಯೇ. ೨೦೨೪ನೆಯ ಡಿಸೆಂಬರ್ ೭ರಂದು ಆರಂಭವಾದ ನೂರು ದಿನಗಳ ಕ್ಷಯ ನಿರ್ಮೂಲನ ಅಭಿಯಾನದಲ್ಲಿ ಕೈಯಲ್ಲಿ ಹಿಡಿದೊಯ್ಯಬಹುದಾದ ಎಕ್ಸ್‌ರೇ ಯಂತ್ರಗಳೂ, ಆ ಚಿತ್ರವನ್ನು ಓದುವ ಯಂತ್ರಬುದ್ಧಿಯೂ ಬಳಕೆಗೆ ಬಂದವು. ಹದಿನೈದು ವರ್ಷ ಮೇಲ್ಪಟ್ಟವರಲ್ಲಿ ಕ್ಷಯವನ್ನು ಹುಡುಕಲು ಇಂಥ ಯಂತ್ರಗಳನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯವರು ೨೦೨೧ರಲ್ಲಿಯೇ ಒಪ್ಪಿದ್ದರು. ಇದೆಲ್ಲವೂ ಬೇಡವೆನ್ನುವ ಮಹನೀಯರು ಬಾಗಿಲಲ್ಲಿ ಕಾರನ್ನು ನಿಲ್ಲಿಸಿಕೊಂಡವರಿರಬೇಕೇ ಹೊರತು, ಬೆಳಗಿನ ಬಸ್ಸು ಹಿಡಿದು, ಕೂಲಿ ಬಿಟ್ಟು, ಪಟ್ಟಣದ ಆಸ್ಪತ್ರೆಯ ಸಾಲಿನಲ್ಲಿ ನಿಂತವರಲ್ಲ.

ಆದರೆ ಉಪಕಾರವಾಗುವುದೆಂಬ ಮಾತ್ರಕ್ಕೆ ಕೇಳದೆ ತೆಗೆದುಕೊಳ್ಳುವುದು ನ್ಯಾಯವಾಗುವುದಿಲ್ಲ.

ಕಣ್ಣಿನ ವಿಷಯವನ್ನೇ ನೋಡೋಣ. ಒಳಪರದೆಯ ಚಿತ್ರವನ್ನು ನೋಡಿ ಸಕ್ಕರೆ ಕಾಯಿಲೆಯ ಕೇಡನ್ನು ಕಂಡುಹಿಡಿಯುವ ಯಂತ್ರವನ್ನು ತಾವು ಸಿದ್ಧಪಡಿಸಿದೆವೆಂದು ಅಮೆರಿಕೆಯ ಗೂಗಲ್ ಕಂಪೆನಿಯ ಸಂಶೋಧಕರು ೨೦೧೬ರಲ್ಲಿ ಆ ದೇಶದ ವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದಕ್ಕೆ ಕಲಿಸಲು ಬಳಸಿದ ಚಿತ್ರಗಳು ೧,೨೮,೧೭೫. ಅವುಗಳಿಗೆ ಗುರುತು ಹಾಕಿದವರು ಐವತ್ತನಾಲ್ಕು ಮಂದಿ ನೇತ್ರವೈದ್ಯರು. ಚಿತ್ರಗಳು ಬಂದದ್ದು ಅಮೆರಿಕೆಯಿಂದಲೂ, ಭಾರತದ ಮೂರು ಕಣ್ಣಾಸ್ಪತ್ರೆಗಳಿಂದಲೂ. ಆ ಮೂರರಲ್ಲಿ ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯವೂ ಒಂದು. ಹೆಸರು ಮೊದಲಾದ ಗುರುತುಗಳನ್ನು ತೆಗೆದ ಚಿತ್ರಗಳೇ ಬಳಕೆಯಾದವು. ಅಂದಿನ ನಿಯಮಕ್ಕೆ ವಿರುದ್ಧವಾದುದೇನೂ ನಡೆಯಿತೆಂದು ನಾವು ಆಕ್ಷೇಪಿಸುತ್ತಿಲ್ಲ. ಆ ಕಾರ್ಯವು ದೊಡ್ಡದೇ. ಆದರೆ ವಾಚಕರು ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಐವತ್ತನಾಲ್ಕು ವೈದ್ಯರ ಎಣಿಕೆ ಲೋಕಕ್ಕೆ ತಿಳಿಯಿತು. ಕಂಪೆನಿಯ ಕೀರ್ತಿ ದಿಗಂತಕ್ಕೆ ಹಬ್ಬಿತು. ಕಣ್ಣಿನೊಳಗಣ ಚಿತ್ರವನ್ನು ಕೊಟ್ಟ ರೋಗಿಗೆ ಮಾತ್ರ, ತನ್ನ ಕಣ್ಣು ಸಮುದ್ರದಾಚೆ ಒಂದು ಯಂತ್ರಕ್ಕೆ ಗುರುವಾಯಿತೆಂಬ ಸುದ್ದಿಯನ್ನು ತಿಳಿಸುವ ಏರ್ಪಾಡು ಅಂಥ ಸಂಶೋಧನೆಯಲ್ಲಿ ಎಲ್ಲಿಯೂ ಇರುವುದಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಯನ್ನು ನಮ್ಮ ಹಿರಿಯರು ಸಾಲದ ವಿಷಯದಲ್ಲಿ ಆಡಿದ್ದಾಗಿರಬಹುದು. ಇಲ್ಲಿಯೂ ಅದು ಹೊಂದುತ್ತದೆ.

ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣುಬೇನೆಯು ಶ್ರೀಕಂಠೇಶ್ವರನ ಅನುಗ್ರಹದಿಂದ ವಾಸಿಯಾಯಿತೆಂದೂ, ಸುಲ್ತಾನನು ಸ್ವಾಮಿಯನ್ನು ಹಕೀಂ ನಂಜುಂಡನೆಂದು ಕರೆದು ಪಚ್ಚೆಯ ಲಿಂಗವನ್ನು ಅರ್ಪಿಸಿದನೆಂದೂ ನಂಜನಗೂಡಿನಲ್ಲಿ ಐತಿಹ್ಯವಿದೆ. ಮಾತು ಬಾರದ ಒಂದು ಪ್ರಾಣಿಯ ಕಣ್ಣಿಗಾಗಿ ಅರಸನು ಋಣವನ್ನು ಒಪ್ಪಿಕೊಂಡ ಸೀಮೆಯಿದು.

ಇನ್ನೊಂದು ಸೋಜಿಗವನ್ನು ಕೇಳಿರಿ. ಅದೇ ಕಂಪೆನಿಯ ಸಂಶೋಧಕರು ೨೦೧೮ರಲ್ಲಿ ಪ್ರಕಟಿಸಿದ ಮತ್ತೊಂದು ಲೇಖನದ ಪ್ರಕಾರ, ಬ್ರಿಟನ್ನಿನ ಮತ್ತು ಅಮೆರಿಕೆಯ ಜನರ ಕಣ್ಣಿನ ಒಳಪರದೆಯ ಚಿತ್ರಗಳಿಂದ ಯಂತ್ರವು ಆಳಿನ ವಯಸ್ಸನ್ನೂ, ಗಂಡೋ ಹೆಣ್ಣೋ ಎಂಬುದನ್ನೂ, ಹೊಗೆಬತ್ತಿ ಸೇದುವ ಚಟವನ್ನೂ, ರಕ್ತದೊತ್ತಡವನ್ನೂ ಊಹಿಸಲು ಕಲಿಯಿತು. ಕಣ್ಣನ್ನು ನೋಡಿ ಗಂಡು ಹೆಣ್ಣೆಂಬ ಭೇದವನ್ನು ಹೇಳುವುದು ನುರಿತ ನೇತ್ರವೈದ್ಯನಿಗೂ ಸಾಧ್ಯವಿರಲಿಲ್ಲ. ಎಂದ ಮೇಲೆ, ಈ ಹೊತ್ತು ಕೊಟ್ಟ ಒಂದು ಚಿತ್ರದಲ್ಲಿ ನಾಳೆ ಏನೇನನ್ನು ಓದಬಹುದೆಂಬುದು ಕೊಟ್ಟವನಿಗೂ ತಿಳಿಯದು, ತೆಗೆದುಕೊಂಡವನಿಗೂ ತಿಳಿಯದು. ಸಕ್ಕರೆ ಕಾಯಿಲೆಗೆಂದು ಕಣ್ಣನ್ನು ತೋರಿಸಿದವನು ತನ್ನ ಹೃದಯದ ಗುಟ್ಟನ್ನೂ ಒಪ್ಪಿಸಿದನೆಂದು ಎಣಿಸುವುದು ಯಾವ ನ್ಯಾಯ? ಒಮ್ಮೆ ಪಡೆದ ಸಮ್ಮತಿಯು ಸರ್ವಕಾಲಕ್ಕೂ ಸರ್ವಕಾರ್ಯಕ್ಕೂ ಸಲ್ಲುವುದೆಂಬ ವಾದವು ಇಲ್ಲಿಯೇ ಮುರಿದುಬೀಳುತ್ತದೆ.

ಹಳೆಯ ದಾಖಲೆಗಳನ್ನು ಮುಟ್ಟಲೇಬಾರದೆಂದು ನಾವು ಹೇಳುತ್ತಿದ್ದೇವೆಯೇ? ಖಂಡಿತವಾಗಿಯೂ ಇಲ್ಲ. ಹಾಗೆ ಹೇಳುವವರಿಗೆ ಮೈಸೂರೇ ಉತ್ತರವನ್ನು ಕೊಟ್ಟಿದೆ. ನಮ್ಮವರು ಮಿಷನ್ ಆಸ್ಪತ್ರೆಯೆಂದು ಕರೆಯುವ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ೧೯೩೪ರಿಂದ ಮೊದಲುಗೊಂಡು ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರೂ ವೈದ್ಯರೂ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಯುದ್ಧ ಬಂದು ಹೋಯಿತು, ಸ್ವರಾಜ್ಯ ಬಂದಿತು, ಸಂಸ್ಥಾನ ಹೋಗಿ ರಾಜ್ಯವಾಯಿತು. ಆ ಪುಸ್ತಕಗಳು ಉಳಿದವು. ಅರುವತ್ತು ವರ್ಷಗಳ ತರುವಾಯ ಇಂಗ್ಲೆಂಡಿನ ಸೌತಾಂಪ್ಟನ್ನಿನ ತಜ್ಞರು ಇಲ್ಲಿಯ ವೈದ್ಯರೊಡನೆ ಸೇರಿ ಅವನ್ನು ತೆರೆದರು. ತೆರೆದು ಸುಮ್ಮನೆ ಲೆಕ್ಕ ಹಾಕಿಕೊಂಡು ಹೋಗಲಿಲ್ಲ. ಆಸ್ಪತ್ರೆಯ ಸುತ್ತಣ ಬಡಾವಣೆಗಳಲ್ಲಿ ಮನೆಮನೆ ತಿರುಗಿ, ಅಂದಿನ ಕೂಸುಗಳು ಇಂದು ನಡುವಯಸ್ಸು ದಾಟಿದವರಾಗಿ ಎಲ್ಲಿದ್ದಾರೆಂದು ಹುಡುಕಿ, ೫೧೭ ಮಂದಿ ಗಂಡಸರನ್ನೂ ಹೆಂಗಸರನ್ನೂ ಪರೀಕ್ಷೆ ಮಾಡಿದರು. ೧೯೯೬ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಆ ಲೇಖನವು ಹೇಳಿದ್ದೇನೆಂದರೆ, ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ಹೃದಯದ ರಕ್ತನಾಳದ ಕಾಯಿಲೆಯು ನೂರಕ್ಕೆ ೧೧ರಂತೆ ಇದ್ದರೆ, ಮೂರು ಕಿಲೋವಿಗಿಂತ ಚೆನ್ನಾಗಿ ಹೆಚ್ಚು ತೂಗಿದವರಲ್ಲಿ ನೂರಕ್ಕೆ ೩ರಂತೆ ಇತ್ತು. ತಾಯಿಯ ಹೊಟ್ಟೆಯಲ್ಲಿದ್ದಾಗಿನ ಹಸಿವು ಐವತ್ತರ ವಯಸ್ಸಿನಲ್ಲಿ ಎದೆಯನ್ನು ಹಿಡಿಯುತ್ತದೆ ಎಂಬ ಮಾತಿಗೆ ಭಾರತದಲ್ಲಿ ಸಾಕ್ಷಿ ದೊರೆತದ್ದು ಮೈಸೂರಿನ ಹೆರಿಗೆಯ ಪುಸ್ತಕದಿಂದ. ಆ ಬಳಿಕ ೧೯೯೭ರಲ್ಲಿ ಅದೇ ಆಸ್ಪತ್ರೆಯಲ್ಲಿ ಬಸುರಿಯರನ್ನು ಸೇರಿಸಿಕೊಂಡು ಇನ್ನೊಂದು ಅಧ್ಯಯನ ಮೊದಲಾಯಿತು. ಅವರ ಮಕ್ಕಳನ್ನು ವರ್ಷಾನುವರ್ಷ ಕರೆದು ನೋಡುತ್ತ ಬಂದರು.

೧೯೩೪ರ ತಾಯಿಯನ್ನು ಕೇಳಿ ಆ ತೂಕವನ್ನು ಬರೆದುಕೊಂಡರೆಂದು ಯಾರೂ ಹೇಳಲಾರರು. ಅಂದು ಕೇಳುವ ಪದ್ಧತಿಯೇ ಇರಲಿಲ್ಲ. ಆದರೆ ಆ ಸಂಶೋಧನೆಗೆ ಕಾಲುಗಳಿದ್ದವು. ಅದು ಬಾಗಿಲಿಗೆ ಬಂದಿತು. "ಅಮ್ಮಾ, ನೀವು ಹುಟ್ಟಿದಾಗಿನ ಲೆಕ್ಕ ನಮ್ಮಲ್ಲಿದೆ, ಪರೀಕ್ಷೆಗೆ ಬರುತ್ತೀರಾ" ಎಂದು ಕೇಳಲು ಒಬ್ಬ ಮನುಷ್ಯನು ಎದುರಿಗೆ ನಿಲ್ಲಲೇಬೇಕಾಗಿತ್ತು. ಬರುವುದಿಲ್ಲವೆಂದು ಹೇಳಿ ಬಾಗಿಲನ್ನು ಹಾಕಿಕೊಳ್ಳುವ ಅಧಿಕಾರವು ಮನೆಯವರಿಗಿತ್ತು. ಈಗಿನ ಯಂತ್ರಬುದ್ಧಿಯ ಸಂಶೋಧನೆಗೆ ಕಾಲುಗಳ ಅವಶ್ಯಕತೆಯೇ ಇಲ್ಲ. ಆಸ್ಪತ್ರೆಯ ಒಂದು ಪೆಟ್ಟಿಗೆಯಿಂದ ಇನ್ನೊಂದು ಊರಿನ ಪೆಟ್ಟಿಗೆಗೆ ಲಕ್ಷ ಜನರ ದೇಹದ ಲೆಕ್ಕವು ಒಂದು ರಾತ್ರಿಯಲ್ಲಿ ಸಾಗಿಹೋಗುತ್ತದೆ. ಯಾರ ಬಾಗಿಲನ್ನೂ ತಟ್ಟಬೇಕಾಗಿಲ್ಲ, ಯಾರ ಮುಖವನ್ನೂ ನೋಡಬೇಕಾಗಿಲ್ಲ. ಬೇಡವೆನ್ನುವ ಅವಕಾಶವು ಮೊದಲು ಆ ಬಾಗಿಲಲ್ಲಿತ್ತು. ಈಗ ಅದು ಎಲ್ಲಿದೆ? ನೀತಿಯ ಪ್ರಶ್ನೆಯು ಹೊಸದಾಗಿ ಹುಟ್ಟುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ.

ಕಾಗದದ ಮೇಲೆ ಸಹಿ ಇದೆಯಲ್ಲ ಎಂದು ಹೇಳುವರು. ಇದೆ. ಹೊರರೋಗಿಗಳ ಚೀಟಿ ಬರೆಯುವಲ್ಲಿ, ಶಿಬಿರದ ಮೇಜಿನ ಬಳಿ, "ಇಲ್ಲೊಂದ್ ಹೆಬ್ಬೆಟ್ ಒತ್ತವ್ವಾ, ಹಿಂದ್ಗಡೆ ಜನ ನಿಂತವ್ರೆ" ಎಂದು ಹೇಳಿ ಮುಗಿಸುವ ಸಹಿಯನ್ನು ನಮ್ಮ ಹೋಬಳಿಗಳಲ್ಲಿ ಕಾಣದವರಾರು? ಇಂಗ್ಲಿಷಿನಲ್ಲಿಯೋ, ಇಂಗ್ಲಿಷಿಗಿಂತಲೂ ಕಠಿಣವಾದ ಭಾಷಾಂತರದ ಕನ್ನಡದಲ್ಲಿಯೋ ಅಚ್ಚಾದ ಮೂರು ಪುಟಗಳ ಕೆಳಗೆ ಒತ್ತಿದ ಆ ಹೆಬ್ಬೆಟ್ಟು ಏನನ್ನು ಒಪ್ಪಿತೆಂದು ಒತ್ತಿದವಳಿಗೆ ತಿಳಿಯದು. ಔಷಧ ಸಿಗಬೇಕಾದರೆ ಒತ್ತಬೇಕೆಂದಷ್ಟೇ ಅವಳ ತಿಳಿವಳಿಕೆ. ಇದು ಸಮ್ಮತಿಯೆನಿಸದು. ೨೦೦೯ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿಯೂ ಗುಜರಾತಿನ ವಡೋದರದಲ್ಲಿಯೂ ಗರ್ಭಕಂಠದ ಕ್ಯಾನ್ಸರಿನ ಲಸಿಕೆಯನ್ನು ಎಳೆಯ ಹುಡುಗಿಯರಿಗೆ ಹಾಕಿ ನೋಡಿದಾಗ, ತಾಯಿತಂದೆಗಳ ಬದಲು ವಿದ್ಯಾರ್ಥಿನಿಲಯದ ಮೇಲ್ವಿಚಾರಕರೇ ಎಷ್ಟೋ ಸಮ್ಮತಿಪತ್ರಗಳಿಗೆ ರುಜು ಹಾಕಿದ್ದು ಬಯಲಾಗಿ, ೨೦೧೦ರಲ್ಲಿ ಆ ಕಾರ್ಯವು ನಿಂತು, ೨೦೧೩ರಲ್ಲಿ ಪಾರ್ಲಿಮೆಂಟಿನ ಸಮಿತಿಯು ಅದನ್ನು ಕಟುವಾಗಿ ಖಂಡಿಸಿತು. ಲಸಿಕೆಯ ಗುಣದೋಷಗಳು ಇಲ್ಲಿ ನಮ್ಮ ವಿಷಯವಲ್ಲ. ಬಡವರ ಪರವಾಗಿ ಇನ್ನೊಬ್ಬರು ಒಪ್ಪಿಬಿಡುವ ಸುಲಭವಾದ ದಾರಿಯನ್ನು ನಮ್ಮ ದೇಶದ ಸಂಶೋಧನೆಯು ಹಿಂದೆಯೂ ತುಳಿದಿತ್ತು, ಅದಕ್ಕೆ ಯಂತ್ರಬುದ್ಧಿಯ ಕಾಲದವರೆಗೆ ಕಾಯಬೇಕಾಗಿರಲಿಲ್ಲವೆಂಬುದನ್ನು ನೆನಪಿಗೆ ತರುತ್ತಿದ್ದೇವೆ.

ಇನ್ನು ಕಾನೂನು. ೨೦೨೩ನೆಯ ಇಸವಿಯ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಒಂದು ಒಳ್ಳೆಯ ಮಾತನ್ನು ಹೇಳುತ್ತದೆ: ಸಮ್ಮತಿಯನ್ನು ಕೇಳುವಾಗ ಸಂವಿಧಾನದ ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲಿ ಬೇಕೆಂದರೂ ಆ ಭಾಷೆಯಲ್ಲಿ ಓದಿಕೊಳ್ಳುವ ಅವಕಾಶವನ್ನು ಕೊಡತಕ್ಕದ್ದು. ಕನ್ನಡವು ಆ ಅನುಸೂಚಿಯಲ್ಲಿದೆ. ಸಂತೋಷವಾಯಿತು. ಆದರೆ ಅದೇ ಕಾಯಿದೆಯ ಹದಿನೇಳನೆಯ ಪ್ರಕರಣದಲ್ಲಿ, ಸಂಶೋಧನೆಗೂ ಅಂಕಿಸಂಖ್ಯೆಗಳ ಗಣನೆಗೂ ಬಳಸುವ ದಾಖಲೆಗಳಿಗೆ, ನಿಗದಿಯಾದ ಮಾನಗಳಂತೆ ನಡೆದುಕೊಂಡರೆ ಮತ್ತು ಆ ವ್ಯಕ್ತಿಯ ಬಗೆಗೇ ಯಾವ ತೀರ್ಮಾನವನ್ನೂ ಮಾಡದಿದ್ದರೆ, ಈ ಕಾಯಿದೆಯೇ ಅನ್ವಯಿಸದೆಂದು ವಿನಾಯಿತಿಯಿದೆ. ಎಂದರೆ, ಕನ್ನಡದಲ್ಲಿ ಕೇಳಿಸಿಕೊಳ್ಳುವ ಹಕ್ಕನ್ನು ಒಂದು ಕೈಯಿಂದ ಕೊಟ್ಟು, ಸಂಶೋಧನೆಯ ಹೆಸರು ಹೇಳಿದೊಡನೆ ಇನ್ನೊಂದು ಕೈಯಿಂದ ಹಿಂದಕ್ಕೆ ತೆಗೆದುಕೊಂಡಂತಾಯಿತು. ಹಿಂದಣ ಕರಡುಗಳಲ್ಲಿ ಆರೋಗ್ಯದ ದಾಖಲೆಗಳನ್ನು ವಿಶೇಷ ರಕ್ಷಣೆಗೆ ಪಾತ್ರವಾದ ಸೂಕ್ಷ್ಮ ವರ್ಗವೆಂದು ಎಣಿಸಿದ್ದರು. ಅಂಗೀಕಾರವಾದ ಕಾಯಿದೆಯಲ್ಲಿ ಆ ವರ್ಗವೇ ಮಾಯವಾಯಿತು. ಅಂಗಡಿಯವನ ಬಳಿಯಿರುವ ನಮ್ಮ ವಿಳಾಸಕ್ಕೂ ಆಸ್ಪತ್ರೆಯಲ್ಲಿರುವ ನಮ್ಮ ರೋಗಕ್ಕೂ ಕಾನೂನಿನ ಕಣ್ಣಿನಲ್ಲಿ ಒಂದೇ ತೂಕ. ನಿಯಮಗಳು ೨೦೨೫ನೆಯ ನವೆಂಬರಿನಲ್ಲಿ ಹೊರಬಿದ್ದವು. ಮುಖ್ಯ ಭಾಗಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಗಡುವನ್ನು ಇಟ್ಟುಕೊಂಡರು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಗಣಕಯಂತ್ರಗಳಿಗೆ ೨೦೨೨ನೆಯ ನವೆಂಬರಿನಲ್ಲಿ ಕಳ್ಳರು ಹೊಕ್ಕು ದಿನಗಟ್ಟಲೆ ಕೆಲಸವನ್ನೇ ನಿಲ್ಲಿಸಿದ್ದುದನ್ನು ನೆನೆದರೆ, ಈ ಸಾವಧಾನವು ನಮಗೆ ಸಮಾಧಾನವನ್ನುಂಟುಮಾಡುವುದಿಲ್ಲ.

ಹೆಸರನ್ನು ತೆಗೆದುಬಿಟ್ಟ ಮೇಲೆ ಭಯವೇನೆಂದು ವಿದ್ವಾಂಸರು ಕೇಳುತ್ತಾರೆ. ಲಂಡನ್ನಿನಂಥ ಮಹಾನಗರದಲ್ಲಿ ಆ ಮಾತು ಸಲ್ಲಬಹುದೇನೋ. ಹೋಬಳಿಯೊಳಗಣ ಒಂದು ಹಳ್ಳಿಯ ಹೆಸರನ್ನು ಹೇಳಿ, ನಲವತ್ತೆರಡು ವಯಸ್ಸು, ಅವಳಿ ಮಕ್ಕಳ ತಾಯಿ, ಮೂತ್ರಪಿಂಡದ ಕಾಯಿಲೆ ಎಂದಷ್ಟು ಹೇಳಿದರೆ ಸಾಕು. ಬಸ್ಸು ನಿಲ್ಲುವ ಕಡೆ ಚಹಾ ಕುಡಿಯುತ್ತಿರುವ ಯಾರೇ ಆದರೂ ಅವಳ ಮನೆಯ ದಾರಿಯನ್ನು ತೋರಿಸುವರು. ಒಂದು ಕಾಯಿಲೆಯ ಹೆಸರು ಹೊರಬಿದ್ದರೆ ಆ ಮನೆಯ ಹೆಣ್ಣುಮಗಳ ಮದುವೆ ನಿಲ್ಲುವ ನಾಡಿದು. ರೋಗಿಯ ಮನೆಯೊಳಗೆ ಕಂಡದ್ದನ್ನು ವೈದ್ಯನು ಹೊರಗೆ ಆಡಕೂಡದೆಂಬ ವ್ರತವನ್ನು ಚರಕಸಂಹಿತೆಯ ವಿಮಾನಸ್ಥಾನದಲ್ಲಿಯೇ ಶಿಷ್ಯನಿಗೆ ವಿಧಿಸಿದ್ದಾರೆ. ಆ ಶಿಷ್ಯನಿಗೆ ಹೆಸರಿತ್ತು, ಗುರುವಿದ್ದನು, ಊರಿಗೆ ಹೆದರುವ ಕಾರಣವಿತ್ತು. ಯಂತ್ರವನ್ನು ಯಾವ ಅಗ್ನಿಯ ಮುಂದೆ ನಿಲ್ಲಿಸಿ ಪ್ರತಿಜ್ಞೆ ಮಾಡಿಸುವುದು? ಅದನ್ನು ನಡೆಸುವವರನ್ನೇ ನಿಲ್ಲಿಸಬೇಕಲ್ಲದೆ ಬೇರೆ ದಾರಿಯಿಲ್ಲ.

ಸಮ್ಮತಿಯ ಮಾತು ಹಾಗಿರಲಿ. ಯಂತ್ರವು ತಪ್ಪಿದರೆ ಏಟು ಬೀಳುವುದು ಯಾರಿಗೆ ಎಂಬುದನ್ನೂ ನೋಡಬೇಕು. ೨೦೨೧ರ ಕೋವಿಡ್ ಹಾವಳಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಆಶ್ರಯದ ಆರ್ಟ್‌ಪಾರ್ಕ್ ಸಂಸ್ಥೆಯೂ ನಿರಾಮಯ್ ಎಂಬ ಕಂಪೆನಿಯೂ ಕೂಡಿ ಎಕ್ಸ್‌ರೇಸೇತು ಎಂಬ ಸಾಧನವನ್ನು ಹೊರತಂದವು. ಹಳ್ಳಿಯ ವೈದ್ಯನು ಎದೆಯ ಎಕ್ಸ್‌ರೇ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ವಾಟ್ಸಾಪಿನಲ್ಲಿ ಕಳುಹಿಸಿದರೆ ಯಂತ್ರವು ಓದಿ ಹೇಳುತ್ತಿತ್ತು. ಆಪತ್ಕಾಲದಲ್ಲಿ ಇಂಥ ಬುದ್ಧಿಯನ್ನು ಓಡಿಸಿದವರಿಗೆ ನಮ್ಮ ವಂದನೆ. ಅವರೇ ಸತ್ಯಸಂಧತೆಯಿಂದ ಪ್ರಕಟಿಸಿದ ಲೆಕ್ಕದಂತೆ, ರೋಗವಿದ್ದವರಲ್ಲಿ ಅದನ್ನು ಗುರುತಿಸುವ ಪ್ರಮಾಣ ನೂರಕ್ಕೆ ೯೮.೮೬, ಇಲ್ಲದವರನ್ನು ಇಲ್ಲವೆಂದು ಬಿಡುವ ಪ್ರಮಾಣ ನೂರಕ್ಕೆ ೭೪.೭೪. ಮೊದಲ ಸಂಖ್ಯೆಯನ್ನು ನೋಡಿ ಎಲ್ಲರೂ ಚಪ್ಪಾಳೆ ತಟ್ಟುವರು. ಎರಡನೆಯದನ್ನು ಹೋಬಳಿಯ ಲೆಕ್ಕಕ್ಕೆ ಇಳಿಸಿ ನೋಡಿರಿ. ಸಾವಿರ ಮಂದಿಯಲ್ಲಿ ಇಪ್ಪತ್ತು ಜನರಿಗೆ ಮಾತ್ರ ನಿಜವಾಗಿ ರೋಗವಿದೆಯೆಂದುಕೊಂಡರೆ, ಉಳಿದ ೯೮೦ರಲ್ಲಿ ಸುಮಾರು ೨೪೭ ಮಂದಿ ನಿರೋಗಿಗಳಿಗೆ ಅನುಮಾನವಿದೆಯೆಂದು ಯಂತ್ರವು ಹೇಳುವುದು. ಜ್ವರ ಬಂದು ವೈದ್ಯನೆದುರು ಕುಳಿತವರಿಗಾಗಿ, ಹಾವಳಿಯ ನಡುವೆ ಮಾಡಿದ ಸಾಧನಕ್ಕೆ ಅದು ದೋಷವಲ್ಲ; ನೂರಾರು ಮಂದಿಯನ್ನು ಸಾಲಾಗಿ ನಿಲ್ಲಿಸಿ ನೋಡುವ ಶಿಬಿರಕ್ಕೆ ಅಂಥದೇ ಪ್ರಮಾಣದ ಯಂತ್ರವನ್ನು ತಂದರೆ ಮಾತ್ರ ಮಹಾದೋಷವಾದೀತು. ಆ ೨೪೭ ಮಂದಿಯಲ್ಲಿ ಒಬ್ಬೊಬ್ಬನೂ ಮೈಸೂರಿಗೆ ಹೋಗಿ ಬರುವ ಬಸ್ಸಿನ ದುಡ್ಡು, ಬಿಟ್ಟ ಕೂಲಿ, ಊರಿನವರ ಸಂಶಯದ ನೋಟ, ಇವುಗಳನ್ನು ಯಾವ ಸಂಶೋಧನೆಯ ಪಟ್ಟಿಯಲ್ಲಿಯೂ ಬರೆಯುವುದಿಲ್ಲ.

ಪ್ರಯೋಗಶಾಲೆಯಲ್ಲಿ ಗೆದ್ದ ಯಂತ್ರವು ಹಳ್ಳಿಯ ಆಸ್ಪತ್ರೆಯಲ್ಲಿ ತಬ್ಬಿಬ್ಬಾಗುವುದೂ ಉಂಟು. ಮೇಲೆ ಹೇಳಿದ ಗೂಗಲ್ಲಿನ ಕಣ್ಣಿನ ಯಂತ್ರವನ್ನು ಥಾಯ್ಲೆಂಡಿನ ಚಿಕಿತ್ಸಾಲಯಗಳಲ್ಲಿ ಇಟ್ಟು ನೋಡಿದಾಗ, ಐದರಲ್ಲಿ ಒಂದಕ್ಕಿಂತ ಹೆಚ್ಚು ಚಿತ್ರಗಳನ್ನು ಅದು ಓದಲು ಯೋಗ್ಯವಲ್ಲವೆಂದು ತಿರಸ್ಕರಿಸಿತೆಂದು ಅದೇ ಕಂಪೆನಿಯವರು ೨೦೨೦ರಲ್ಲಿ ಬರೆದರು. ಕೋಣೆಯಲ್ಲಿ ಬೆಳಕಿನ ಏರ್ಪಾಡು ಸರಿಯಿಲ್ಲದ್ದು ಒಂದು ಕಾರಣ. ಕರೆಂಟು ಹೋಗುವ, ಕಿಟಕಿಗೆ ಪರದೆಯಿಲ್ಲದ ಕೋಣೆಗಳ ವಿಷಯವನ್ನು ನಾವು ಥಾಯ್ಲೆಂಡಿನಿಂದ ಕಲಿಯಬೇಕಾಗಿಲ್ಲ.

ಇದಕ್ಕಿಂತಲೂ ಗಹನವಾದ ತಪ್ಪೊಂದನ್ನು ಅಮೆರಿಕೆಯ ಉದಾಹರಣೆಯು ತೋರಿಸುತ್ತದೆ. ಯಾರಿಗೆ ಹೆಚ್ಚಿನ ಆರೈಕೆ ಬೇಕೆಂಬುದನ್ನು ಆರಿಸಲು ಅಲ್ಲಿಯ ಆಸ್ಪತ್ರೆಗಳು ಬಳಸುತ್ತಿದ್ದ ಒಂದು ಗಣಕಸೂತ್ರವನ್ನು ೨೦೧೯ರಲ್ಲಿ ವಿದ್ವಾಂಸರು ಶೋಧಿಸಿ ನೋಡಿದರು. ಆ ಸೂತ್ರವು ರೋಗವನ್ನು ಅಳೆಯುತ್ತಿರಲಿಲ್ಲ. ರೋಗಿಯ ಚಿಕಿತ್ಸೆಗೆ ಆಗುವ ಖರ್ಚನ್ನು ಅಳೆದು, ಖರ್ಚು ಹೆಚ್ಚಾದವನೇ ಹೆಚ್ಚು ರೋಗಿಯೆಂದು ತೀರ್ಮಾನಿಸುತ್ತಿತ್ತು. ಅಲ್ಲಿಯ ಕಪ್ಪು ಜನರ ಚಿಕಿತ್ಸೆಗೆ ಅಷ್ಟೇ ಕಾಯಿಲೆಗೆ ಕಡಿಮೆ ಹಣ ವೆಚ್ಚವಾಗುತ್ತಿದ್ದುದರಿಂದ, ಅವರು ಆರೋಗ್ಯವಂತರೆಂದು ಯಂತ್ರವು ಲೆಕ್ಕ ಹಾಕಿ ಹಿಂದಕ್ಕೆ ತಳ್ಳಿತು. ಯಾರೂ ದ್ವೇಷದಿಂದ ಹೀಗೆ ಬರೆದದ್ದಲ್ಲ. ಸಮಾಜದಲ್ಲಿದ್ದ ಅನ್ಯಾಯವು ದಾಖಲೆಯಲ್ಲಿತ್ತು. ದಾಖಲೆಯಲ್ಲಿದ್ದುದನ್ನು ಯಂತ್ರವು ಶ್ರದ್ಧೆಯಿಂದ ಕಲಿಯಿತು. ಇದನ್ನು ನಮ್ಮ ಸೀಮೆಗೆ ತಂದು ನೋಡೋಣ. ಎದೆನೋವು ಬಂದರೂ ನಾಟಿ ಮುಗಿಯಲಿ ಎಂದು ತಡೆದುಕೊಳ್ಳುವ ಕೂಲಿಯವಳ ಹೆಸರು ಆಸ್ಪತ್ರೆಯ ಪುಸ್ತಕದಲ್ಲಿ ಇರುವುದಿಲ್ಲ. ದಲಿತರ ಕೇರಿಯಿಂದಲೂ ಹಾಡಿಯಿಂದಲೂ ಪಟ್ಟಣದ ತಜ್ಞರವರೆಗೆ ತಲಪುವವರು ಕಡಿಮೆ. ಪುಸ್ತಕದಲ್ಲಿ ಇಲ್ಲದವರಿಗೆ ರೋಗವಿಲ್ಲವೆಂದು ಕಲಿತ ಯಂತ್ರವನ್ನು ನಾಳೆ ಜಿಲ್ಲೆಯ ಆರೋಗ್ಯ ಯೋಜನೆಗೆ ಮಂತ್ರಿಯನ್ನಾಗಿ ಮಾಡಿಕೊಂಡರೆ ಗತಿಯೇನು? ಬಡವನ ಸಹನೆಯನ್ನೇ ಅವನ ಆರೋಗ್ಯವೆಂದು ಬರೆದುಕೊಂಡಂತಾಗುವುದು.

ಹೀಗೆಲ್ಲ ಷರತ್ತುಗಳನ್ನು ಹಾಕಿದರೆ ಸಂಶೋಧನೆಯೇ ನಿಲ್ಲುವುದು, ಲಕ್ಷ ಜನರನ್ನು ಒಬ್ಬೊಬ್ಬರಾಗಿ ಕೇಳುವುದು ಆಗದ ಕೆಲಸ, ಅಷ್ಟರಲ್ಲಿ ಎಷ್ಟೋ ಕಣ್ಣುಗಳು ಆರಿಹೋಗುವುವು ಎಂಬ ಆಕ್ಷೇಪಣೆಯು ಬರುತ್ತದೆ. ಇದನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಗುರುತು ತೆಗೆದ, ಹಾನಿಯ ಸಂಭವವು ಅತ್ಯಲ್ಪವಾದ ಹಳೆಯ ದಾಖಲೆಗಳಿಗೆ ಒಬ್ಬೊಬ್ಬರ ಸಮ್ಮತಿಯನ್ನು ಬಿಟ್ಟುಕೊಡುವ ಅಧಿಕಾರವನ್ನು ಮಂಡಳಿಯವರ ೨೦೧೭ರ ಮಾರ್ಗಸೂಚಿಯು ನೈತಿಕ ಸಮಿತಿಗಳಿಗೆ ಕೊಟ್ಟಿರುವುದು ಸರಿಯೇ. ಆದರೆ ಕೇಳುವುದಕ್ಕೆ ಆಗದಿದ್ದರೆ ಹೇಳುವುದಕ್ಕೂ ಆಗುವುದಿಲ್ಲವೇ? ಸಮ್ಮತಿಯನ್ನು ಬಿಟ್ಟುಕೊಟ್ಟ ಕಡೆಯಲ್ಲಿ ತಿಳಿವಳಿಕೆಯನ್ನು ದ್ವಿಗುಣ ಮಾಡಬೇಕು. ಚುನಾವಣೆಯ ಕಾಲದಲ್ಲಿ ಪ್ರತಿಯೊಂದು ಮನೆಯ ಪ್ರತಿಯೊಂದು ಮತವನ್ನು ಹುಡುಕಿಕೊಂಡು ಬರುವ ದೇಶಕ್ಕೆ, ನಿಮ್ಮ ಆಸ್ಪತ್ರೆಯ ದಾಖಲೆಗಳಿಂದ ಇಂಥದೊಂದು ಕಾರ್ಯವನ್ನು ಮಾಡುತ್ತಿದ್ದೇವೆಂದು ಗ್ರಾಮಸಭೆಯಲ್ಲಿ ನಿಂತು ಕನ್ನಡದಲ್ಲಿ ಹೇಳುವುದು ಅಸಾಧ್ಯವೆಂದರೆ ನಾವು ನಂಬಲಾರೆವು.

ಇಲ್ಲಿ ಸ್ವದೇಶಿಯ ಮಾತನ್ನೂ ಆಡಬೇಕಾಗಿದೆ. ನರಸೀಪುರದಲ್ಲಿ ಸರಕಾರದ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಿದೆ. ಮೈಸೂರಿನಲ್ಲಿ ೧೯೧೨ರಲ್ಲಿ ಸ್ಥಾಪಿತವಾದ ನೇಯ್ಗೆಯ ಕಾರ್ಖಾನೆಯಿದೆ. ಗೂಡು ಬೆಳೆಯುವ ರೈತನು ತನ್ನ ಗೂಡು ತಕ್ಕಡಿಗೆ ಏರುವುದನ್ನು ಕಣ್ಣಾರೆ ನೋಡುತ್ತಾನೆ, ದರವನ್ನು ಕುರಿತು ಜಗಳವಾಡುತ್ತಾನೆ, ಬೆಲೆ ಬೀಳಲು ಕಾರಣರಾರೆಂದು ಬಯ್ಯುತ್ತಾನೆ. ಆ ನೂಲಿನ ಸೀರೆ ಎಲ್ಲಿ ನೇಯುತ್ತದೆಂಬುದು ಅವನಿಗೆ ಗೊತ್ತು. ಅವನ ದೇಹದ ದಾಖಲೆಗೆ ತಕ್ಕಡಿಯೂ ಇಲ್ಲ, ಸಂತೆಯೂ ಇಲ್ಲ. ಕಚ್ಚಾ ಹತ್ತಿಯು ಲಂಕಾಶೈರಿಗೆ ಹೋಗಿ ಬಟ್ಟೆಯಾಗಿ ಹಿಂದಿರುಗಿ ನಮ್ಮವರಿಗೇ ಮಾರಾಟವಾದ ಚರಿತ್ರೆಯನ್ನು ಬಲ್ಲವರು, ಸರಕಾರಿ ಆಸ್ಪತ್ರೆಯಲ್ಲಿ ಪ್ರಜೆಯ ತೆರಿಗೆಯಿಂದ ತೆಗೆದ ಚಿತ್ರವು ಪರರ ಯಂತ್ರವಾಗಿ ಅದೇ ಸರಕಾರಿ ಆಸ್ಪತ್ರೆಗೆ ವರ್ಷಕ್ಕಿಷ್ಟು ಬಾಡಿಗೆಯೆಂದು ಮರಳಿ ಬರುವ ದಿನವನ್ನು ಊಹಿಸಿಕೊಳ್ಳಬಲ್ಲರು. ಹಾಗೆಂದು ಪರದೇಶದವರು ತೆಗೆದುಕೊಂಡರೆ ಪಾಪ, ಬೆಂಗಳೂರಿನವರು ತೆಗೆದುಕೊಂಡರೆ ಪುಣ್ಯವೆಂದು ನಾವು ಹೇಳುವವರಲ್ಲ. ಸೌತಾಂಪ್ಟನ್ನಿನವರು ಬಾಗಿಲಿಗೆ ಬಂದು ಕೇಳಿದರು. ನಮ್ಮವರೇ ಕೇಳದೆ ಒಯ್ದರೆ ನೆಂಟಸ್ತಿಕೆಯು ಅದನ್ನು ದಾನವನ್ನಾಗಿ ಮಾಡುವುದಿಲ್ಲ.

ಈಗ ಮಾಡತಕ್ಕದ್ದೇನು? ಹೊಸ ಕಾಯಿದೆಗಾಗಿ ಕಾದು ಕುಳಿತಿರಬೇಕಾಗಿಲ್ಲ. ಮೈಸೂರು ಜಿಲ್ಲೆಯ ಆರೋಗ್ಯಾಧಿಕಾರಿಗಳೂ, ಇಲ್ಲಿಯ ವೈದ್ಯ ವಿದ್ಯಾಲಯಗಳವರೂ ಮನಸ್ಸು ಮಾಡಿದರೆ ಸಾಕು. ೧೯೩೦ರಿಂದ ಮೈಸೂರಿನಲ್ಲಿ ವೈದ್ಯಕಾಲೇಜು ನಡೆಯುತ್ತಿದೆ; ಈ ಜಿಲ್ಲೆಗೆ ಸಂಶೋಧನೆ ಹೊಸತಲ್ಲ, ವಿದ್ವಾಂಸರ ಕೊರತೆಯೂ ಇಲ್ಲ. ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಯಾರು ಬೇಕಾದರೂ ನೋಡಬಹುದಾದ ಒಂದು ಪುಸ್ತಕವಿರಲಿ. ಈ ಕೇಂದ್ರದ ದಾಖಲೆಗಳನ್ನು ಯಾವ ಸಂಸ್ಥೆಯವರು, ಯಾವ ಕಾರ್ಯಕ್ಕಾಗಿ, ಎಷ್ಟು ಕಾಲಕ್ಕೆ ತೆಗೆದುಕೊಂಡರು, ಅವರಿಂದ ಮತ್ತೆ ಯಾರಿಗೆ ಹೋಯಿತು, ಕಡೆಗೆ ಏನು ತಿಳಿದುಬಂದಿತು ಎಂಬುದನ್ನು ಅದರಲ್ಲಿ ಕನ್ನಡದಲ್ಲಿ ಬರೆಯಲಿ. ಬೇಡವೆಂದವರ ದಾಖಲೆಯನ್ನು ಕೈಬಿಡಬೇಕು. ಬೇಡವೆಂದ ಕಾರಣಕ್ಕೆ ಅವರ ಮಾತ್ರೆಯೊಂದೂ ಕಡಿಮೆಯಾಗಬಾರದು. ಬೇರೆಲ್ಲಿಯೋ ಕಲಿತ ಯಂತ್ರವನ್ನು ನಂಜನಗೂಡಿನಲ್ಲಿಯೋ ನರಸೀಪುರದಲ್ಲಿಯೋ ಬಳಕೆಗೆ ತರುವ ಮೊದಲು, ಇಲ್ಲಿಯ ಕೆಲವು ನೂರು ಜನರಲ್ಲಿ, ಯಂತ್ರವು ಹೇಳಿದ್ದನ್ನು ವೈದ್ಯರು ಮತ್ತೊಮ್ಮೆ ನೋಡಿ ಸರಿತಪ್ಪುಗಳನ್ನು ಪ್ರಕಟಿಸಲಿ. ಗಂಡಸರಲ್ಲಿ ಎಷ್ಟು, ಹೆಂಗಸರಲ್ಲಿ ಎಷ್ಟು, ಕೇರಿ ಹಾಡಿಗಳವರಲ್ಲಿ ಎಷ್ಟು ತಪ್ಪಿತೆಂಬುದನ್ನು ಬೇರೆಬೇರೆಯಾಗಿ ಹೇಳಲಿ. ಯಂತ್ರದ ಮಾತನ್ನು ನಂಬಿ ಕೆಡುಕಾದರೆ ಉತ್ತರ ಹೇಳತಕ್ಕ ಒಬ್ಬ ಮನುಷ್ಯನ ಹೆಸರು ಆ ಗೋಡೆಯ ಮೇಲೆ ಇರಲಿ. ಸರಕಾರಿ ದಾಖಲೆಗಳಿಂದ ಕಲಿತ ಯಂತ್ರವು ಸರಕಾರಿ ಆಸ್ಪತ್ರೆಗಳಿಗೆ ಬಾಡಿಗೆಯಿಲ್ಲದೆ ದೊರೆಯಬೇಕೆಂಬ ಒಪ್ಪಂದವನ್ನು ದಾಖಲೆ ಕೊಡುವ ಮೊದಲೇ ಬರೆಸಿಕೊಳ್ಳಲಿ. ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ನೈತಿಕ ಸಮಿತಿಗಳಲ್ಲಿ ವೈದ್ಯನಲ್ಲದ, ವಿಜ್ಞಾನಿಯಲ್ಲದ ಸಾಮಾನ್ಯ ಸದಸ್ಯನೊಬ್ಬನು ಇರಬೇಕೆಂದು ನಿಯಮವಿದೆ. ಆ ಸ್ಥಾನಕ್ಕೆ ನಿವೃತ್ತ ಅಧಿಕಾರಿಗಳನ್ನೂ ಪಟ್ಟಣದ ಗಣ್ಯರನ್ನೂ ಕೂರಿಸುವ ಪದ್ಧತಿಯನ್ನು ಬಿಟ್ಟು, ಹೋಬಳಿಯಿಂದ ಒಬ್ಬ ಹೆಂಗಸನ್ನು, ಸಕ್ಕರೆ ಕಾಯಿಲೆಗೋ ಕ್ಷಯಕ್ಕೋ ತಾನೇ ಔಷಧ ತೆಗೆದುಕೊಂಡವಳನ್ನು, ದಿನದ ಕೂಲಿ ಬಸ್ಸಿನ ಖರ್ಚುಗಳನ್ನು ಕೊಟ್ಟು ಕರೆಯಲಿ. ಸಭೆಯನ್ನು ಆಕೆಗೆ ತಿಳಿಯುವ ಕನ್ನಡದಲ್ಲಿ ನಡೆಸಲಿ. ಆಶಾ ಕಾರ್ಯಕರ್ತೆಯರ ಕೈಗೆ ಫೋನನ್ನು ಕೊಟ್ಟು ಚಿತ್ರ ತೆಗೆಯಿರೆಂದು ಕಳುಹಿಸುವಾಗ, "ಈ ಫೋಟೋ ಎಲ್ಲಿಗೋಯ್ತದವ್ವಾ?" ಎಂದು ಕೇಳಿದ ಮುದುಕಿಗೆ ಹೇಳಬೇಕಾದ ನಿಜವಾದ ಉತ್ತರವನ್ನೂ ಅವರಿಗೆ ನಾಲ್ಕು ಸಾಲಿನಲ್ಲಿ ಬರೆದು ಕೊಟ್ಟು ಕಳುಹಿಸಲಿ. ಮುಂದಿನ ಗ್ರಾಮಸಭೆಯಲ್ಲಿ ಆ ನಾಲ್ಕು ಸಾಲುಗಳನ್ನು ಓದಿಸಿ ಕೇಳುವ ಹಕ್ಕು ಹೋಬಳಿಯ ಜನಕ್ಕೆ ಈಗಲೇ ಇದೆ.